ಸೋಮವಾರದವರೆಗಿನ ಹಣ

ಸಿಮೆಂಟಿನ ನೆಲಕ್ಕೆ ಗೆರಟೆ ತಾಗಿದ ಸದ್ದು ಕೇಳಿಸಿತು. ತೆಂಗಿನ ಚಿಪ್ಪೊಂದನ್ನು ಯಾರೋ ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೆಳಗಿಟ್ಟರೆ ಆಗುವಷ್ಟು ಸಣ್ಣ ಸದ್ದು. ಮಂಜೇಶ್ವರದ ಸ್ಟೇಶನ್ನಿನಿಂದ ಕೊನೆಯ ಗೂಡ್ಸು ಗಾಡಿ ಹೊರಟುಹೋಗಿ ಬಹಳ ಹೊತ್ತಾಗಿತ್ತು. ಪಂಕಜಾಕ್ಷಿ ಕಣ್ಣು ತೆರೆದುಕೊಂಡೇ ಚಾಪೆಯ ಮೇಲೆ ಮಲಗಿದ್ದಳು. ಈ ಸದ್ದು ಅವಳಿಗೆ ಹೊಸತಲ್ಲ. ಆದರೆ ಈ ಮನೆಯಲ್ಲಿ ಅದು ಇನ್ನು ಕೇಳಬಾರದಿತ್ತು.

ಅವಳ ಗಂಡ ಭುಜಂಗ ಆಳ್ವರು ಕೊನೆಯ ಐದು ತಿಂಗಳು ಮಂಚದ ಕೆಳಗೆ ಬೂದಿ ಹಾಕಿದ ಗೆರಟೆ ಇಟ್ಟುಕೊಳ್ಳುತ್ತಿದ್ದರು. ಕೆಮ್ಮಿ ಅದರಲ್ಲಿ ಉಗಿದು, ಹೆಂಡತಿಗೆ ಎಚ್ಚರವಾಗದಿರಲೆಂದು ಮೆಲ್ಲನೆ ಕೆಳಗಿಡುತ್ತಿದ್ದರು. ಬೆಳಗಾದರೆ ಅವಳು ಅದನ್ನು ಬಚ್ಚಲಿನ ಒಲೆಗೆ ಹಾಕಿ ಸುಟ್ಟು, ಇನ್ನೊಂದು ಗೆರಟೆಗೆ ಬೂದಿ ತುಂಬಿಸುತ್ತಿದ್ದಳು. ಊರಿಗೆ ಹೇಳಿದ್ದು ಕಫಜ್ವರ ಎಂದು. ಕ್ಷಯ ಎಂದು ಬಾಯಿಬಿಟ್ಟರೆ ಮನೆಯ ಬಾವಿಯ ನೀರನ್ನೂ ಯಾರೂ ಮುಟ್ಟುವುದಿಲ್ಲ. ಅವರು ತೀರಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ಚಾಪೆ, ದಿಂಬು, ಉಳಿದ ಗೆರಟೆಗಳು ಎಲ್ಲವನ್ನೂ ಅವಳೇ ಸುಟ್ಟಿದ್ದಳು. ಪಕ್ಕದ ಕೋಣೆಯಲ್ಲಿ ಈಗ ಮಲಗುವುದು ಹದಿನೈದು ವರ್ಷದ ಮಗಳು ಕಮಲ ಒಬ್ಬಳೇ.

ಪಂಕಜಾಕ್ಷಿ ಏಳಲಿಲ್ಲ. ಎದ್ದರೆ ಮಗಳು ಇನ್ನೂ ಚೆನ್ನಾಗಿ ಅಡಗಿಸಲು ಕಲಿಯುತ್ತಾಳೆ ಎಂದು ಹೆದರಿದಳು. ಬೆಳಿಗ್ಗೆ ಕಮಲ ಬಾವಿಕಟ್ಟೆಗೆ ಹೋದಾಗ ಮಂಚದ ಕೆಳಗೆ ಬಗ್ಗಿ ನೋಡಿದಳು. ಗೋಡೆಯ ಬದಿಗೆ ಸರಿಸಿಟ್ಟ ಗೆರಟೆ, ಮೇಲೆ ಹೊಸ ಬೂದಿ. ಕಡ್ಡಿಯಿಂದ ಬೂದಿ ಸರಿಸಿದಳು. ಕೆಂಪು ಇತ್ತು.

ಎರಡನೆಯ ದಿನವೇ ಸಂಜೆಯ ಜ್ವರಕ್ಕೆ ಮದ್ದು ತರೋಣವೆಂದು ಹೇಳಿ ಕಮಲಳನ್ನು ರೈಲಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದಳು. ಎದೆಯ ಫೋಟೋ ತೆಗೆಸಿದ ಡಾಕ್ಟರು ಹುಡುಗಿಯನ್ನು ಹೊರಗೆ ಕೂಡಿಸಿ ತಾಯಿಯೊಡನೆ ಮಾತಾಡಿದರು. ಎಡದ ಬದಿಯಲ್ಲಿ ಮಾತ್ರ ಹಿಡಿದಿದೆ, ಅದೂ ಸ್ವಲ್ಪ. ಈಗಲೇ ಸ್ಯಾನಟೋರಿಯಮ್ಮಿಗೆ ಸೇರಿಸಿದರೆ ಬದುಕುತ್ತಾಳೆ. ಮಳೆ ಹಿಡಿಯುವ ಮೊದಲು ಕರಾವಳಿ ಬಿಡಬೇಕು. ಈ ಮಳೆಗಾಲ ಇಲ್ಲಿ ಕಳೆದರೆ ತಾನು ಯಾವ ಮಾತೂ ಕೊಡುವುದಿಲ್ಲ. ಹೀಗೆಂದು ಮದರಾಸಿನ ಕಡೆಯ ಗುಡ್ಡದ ಮೇಲಿನ ಆ ಆಸ್ಪತ್ರೆಯ ಅಚ್ಚಿನ ಕಾಗದವನ್ನು ಕೊಟ್ಟರು. ತಿಂಗಳಿಗೆ ಐವತ್ತು ರೂಪಾಯಿ. ಆರು ತಿಂಗಳಿಗೆ ಕಡಿಮೆ ಸೇರಿಸಿಕೊಳ್ಳುವುದಿಲ್ಲ. ಮೂರು ತಿಂಗಳದ್ದು ಮೊದಲೇ ಕಟ್ಟಬೇಕು. ಹಾಲು, ಮೊಟ್ಟೆ, ಹಣ್ಣು ಬೇರೆ. ರೈಲಿನ ಖರ್ಚೂ ಸೇರಿದರೆ ಆರುನೂರು.

ಪಂಕಜಾಕ್ಷಿಯ ಹೆಸರಲ್ಲಿ ಕಾಸರಗೋಡಿನ ಬೇಂಕಿನಲ್ಲಿ ಇದ್ದದ್ದು ನಲವತ್ತಮೂರು ರೂಪಾಯಿ ಆರಾಣೆ. ಬಳೆ, ಸರ ಎಲ್ಲ ಗಂಡನ ಮದ್ದಿಗೇ ಹೋಗಿದ್ದವು. ಮರದ ಡಿಪೋದಲ್ಲಿ ಮೇನೇಜರಾಗಿದ್ದ ಆಳ್ವರು ಅದೇ ಬೇಂಕಿನಲ್ಲಿ ಮೂರು ಸಾವಿರದ ನಾನೂರು ರೂಪಾಯಿ ಅವಧಿಗೆ ಇಟ್ಟಿದ್ದರು. ಅವಧಿ ಮುಗಿಯದೆ ತೆಗೆದರೆ ಬಡ್ಡಿ ಹೋಗುತ್ತದೆಂದು ಹೇಳಿ ಅದನ್ನು ಮುಟ್ಟಲಿಲ್ಲ, ಹೆಂಡತಿಯ ಬಳೆ ಮಾರಿದರು. ಅದನ್ನು ನಿನ್ನ ಹೆಸರಿಗೆ ಮಾಡಿಸುತ್ತೇನೆ, ಮೈ ಸ್ವಲ್ಪ ಹುಷಾರಾಗಲಿ ಎನ್ನುತ್ತಿದ್ದರು. ಹುಷಾರಿಲ್ಲದಾಗ ಮಾಡಿಸಿದರೆ ತಾನು ಸಾಯುತ್ತೇನೆಂದು ಒಪ್ಪಿದ ಹಾಗೆ ಆಗುತ್ತದೆಂದು ಅವರಿಗೆ ಭಯ. ಅವಳಿಗೂ ಒತ್ತಾಯಿಸಲು ಬಾಯಿ ಬರಲಿಲ್ಲ.

ಈಗ ಆ ಹಣ ಅವಳದ್ದಲ್ಲ. ಅಳಿಯಕಟ್ಟಿನವರಲ್ಲಿ ಗಂಡಸು ಸತ್ತರೆ ಅವನ ಗಳಿಕೆ ಹೆಂಡತಿ ಮಕ್ಕಳಿಗಲ್ಲ, ಅಕ್ಕತಂಗಿಯರಿಗೆ ಮತ್ತು ಅವರ ಮಕ್ಕಳಿಗೆ ಸೇರುತ್ತದೆ. ಹೆಂಡತಿ ಮಕ್ಕಳು ಅವಳ ತಾಯಿಯ ಮನೆಯ ಹಕ್ಕುದಾರರು. ಇದರಲ್ಲಿ ಯಾರ ಮೇಲೂ ಯಾರಿಗೂ ಸಿಟ್ಟಿಲ್ಲ. ತೋಡಿನ ನೀರು ಕಡಲಿಗೆ ಇಳಿಯುವ ಹಾಗೆ, ನಡೆದುಕೊಂಡು ಬಂದದ್ದು. ಆಳ್ವರ ಅಕ್ಕ ದೇವಕಿ ನೆಕ್ರಾಜೆಯ ಕುಟುಂಬದ ಮನೆಯಲ್ಲಿದ್ದಳು. ಅವಳ ಮಗ ಲೋಕನಾಥ ಸೋದರಮಾವನ ಸಾವಿನ ಕ್ರಿಯೆಗಳನ್ನೆಲ್ಲ ಕುಂದಿಲ್ಲದೆ ಮಾಡಿ ಮುಗಿಸಿದ್ದ.

"ಮಳೆಗೆ ಮೊದಲಿನ ಬೇಶ ತಿಂಗಳ ಸಂಕ್ರಮಣದವರೆಗೆ ಇಲ್ಲಿಯೇ ಇರಿ ಮಾಮಿ. ಮತ್ತೆ ನಾನೇ ದೇಲಂಪಾಡಿಗೆ ಬಿಟ್ಟು ಬರ್ತೇನೆ" ಎಂದು ಅವನು ಹೇಳಿದಾಗ ಅದು ದೊಡ್ಡ ಮನಸ್ಸಿನ ಮಾತೇ ಆಗಿತ್ತು. ದೇಲಂಪಾಡಿಯಲ್ಲಿ ಅವಳ ತಾಯಿಯ ಮನೆ. ಅಣ್ಣ ಸುಕುಮಾರ ಅಲ್ಲಿಯ ಯಜಮಾನ.

ಬೇಂಕಿನವರು ಕೇಳಿದ್ದಾರೆಂದು ಲೋಕನಾಥನೇ ಮಾವನ ಹಣದ ರಶೀದಿ, ಮರಣದ ಕಾಗದ ಎರಡನ್ನೂ ಅಂಚೆಯಲ್ಲಿ ಕಳಿಸಿದ್ದ. ಬಡ್ಡಿ ಬರೆಸಲೆಂದು ಮಾಮಿಯ ಪಾಸುಪುಸ್ತಕವನ್ನೂ ಅದರೊಟ್ಟಿಗೆ ಇಟ್ಟಿದ್ದ. ಪುಸ್ತಕ ಹಿಂದೆ ಬಂದದ್ದು ಶನಿವಾರ ಮಧ್ಯಾಹ್ನ, ರಿಜಿಸ್ಟರ್ ಅಂಚೆಯಲ್ಲಿ.

ಅವಳು ನಿಂತುಕೊಂಡೇ ಬಿಡಿಸಿದಳು. ನಲವತ್ತಮೂರು ರೂಪಾಯಿ ಆರಾಣೆಯ ಕೆಳಗೆ ನೇರಳೆ ಶಾಯಿಯಲ್ಲಿ ಇನ್ನೊಂದು ಸಾಲಿತ್ತು: ಮೂರು ಸಾವಿರದ ನಾನೂರು. ಪಕ್ಕದಲ್ಲಿ ಸಣ್ಣ ಸಹಿ. ಅದರೊಳಗಿದ್ದ ಇಂಗ್ಲಿಷ್ ಪತ್ರವನ್ನು ಕಮಲಳಿಗೆ ತೋರಿಸದೆ ತಾನೇ ಅಕ್ಷರ ಅಕ್ಷರ ಕೂಡಿಸಿ ಓದಿದಳು. ದಿವಂಗತರ ಹಣವನ್ನು ಅವರ ವಿಧವೆಯ ಖಾತೆಗೆ ಸೇರಿಸಲಾಗಿದೆ. ನಿಮ್ಮ ದುಃಖದಲ್ಲಿ ನಾನೂ ಭಾಗಿ.

ಅವಳಿಗೆ ಕೂಡಲೇ ಅರ್ಥವಾಯಿತು. ಬೇಂಕಿನ ಏಜಂಟರು, ಎಂದರೆ ಅಲ್ಲಿಯ ಯಜಮಾನರು, ತಂಜಾವೂರು ಕಡೆಯಿಂದ ಹೊಸದಾಗಿ ಬಂದವರು. ಬಂದು ಎರಡು ತಿಂಗಳಾಗಿಲ್ಲ. ಅವರ ಊರಿನಲ್ಲಿ ಗಂಡ ಹೋದರೆ ಹಣ ಮತ್ತೆ ಯಾರಿಗೆ? ಹೆಂಡತಿ ಮಕ್ಕಳಿಗೆ. ಇಲ್ಲಿಯ ಚಹಾದಂಗಡಿಯ ಮಾಣಿಯೂ ಮಾಡದ ತಪ್ಪು. ಬೇಂಕಿನ ಹಳೆಯ ಗುಮಾಸ್ತ ತಿರುಮಲೇಶ್ವರಯ್ಯ ಮೇಜಿನಲ್ಲಿದ್ದಿದ್ದರೆ ಆ ಕಾಗದ ಎರಡು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ಯಾವ ಮನೆಯದು ಯಾವ ಕಟ್ಟು, ಯಾರ ಅಳಿಯ ಯಾರು ಎಂದು ಅವರಿಗೆ ಬಾಯಿಪಾಠ. ಆದರೆ ಅವರು ತಂಗಿಯ ಮಗಳ ಮದುವೆಗೆಂದು ಹದಿನೈದು ದಿನ ರಜೆ ಹಾಕಿದ್ದಾರೆಂದು ಲೋಕನಾಥನೇ ಹೇಳಿದ್ದ.

ಮಂಗಳವಾರ ಲೋಕನಾಥ ಕಾಸರಗೋಡಿಗೆ ಬಂದು ಬೇಂಕಿಗೆ ಹೋಗುವವನಿದ್ದ. ಶನಿವಾರ ಬೇಂಕು ಮುಚ್ಚಿಯಾಗಿತ್ತು. ಆದಿತ್ಯವಾರ ರಜೆ. ಉಳಿದದ್ದು ಸೋಮವಾರ ಒಂದೇ.

ಪಾಸುಪುಸ್ತಕವನ್ನು ಅಕ್ಕಿಯ ಪೆಟ್ಟಿಗೆಯಲ್ಲಿಟ್ಟು ಅವಳು ಮೀನು ಕೊಯ್ಯಲು ಕುಳಿತಳು. ಕೈ ಬೂತಾಯಿಯ ತಲೆ ತೆಗೆಯುತ್ತಿತ್ತು, ಮನಸ್ಸು ರೈಲು ಹತ್ತಿತ್ತು.

ಮೊದಲು ಆರುನೂರು ಮಾತ್ರ. ಗುಡ್ಡದ ಮೇಲೆ ಉದ್ದದ ಜಗಲಿ, ಸಾಲಾಗಿ ಕಬ್ಬಿಣದ ಮಂಚಗಳು, ಅವುಗಳಲ್ಲಿ ಕಿಟಕಿಯ ಬದಿಯದ್ದು ಕಮಲಳದ್ದು. ಬೆಳಿಗ್ಗೆ ಹಾಲು, ಹತ್ತು ಗಂಟೆಗೆ ಮೊಟ್ಟೆ, ಸಂಜೆ ಪುನಃ ಹಾಲು. ಒಣಗಾಳಿ. ಬೆವರದ ಮೈ. ಮೊದಲ ತಿಂಗಳು ಎರಡು ಪೌಂಡು ತೂಕ ಏರಿತು. ಎರಡನೆಯ ತಿಂಗಳು ನಾಲ್ಕು. ಗುಡ್ಡದ ಬುಡದಲ್ಲಿ ತಾನೊಂದು ಕೋಣೆ ಹಿಡಿದು ಇರುವುದು ಎಂದುಕೊಂಡಳು. ಹಾಗಾದರೆ ಆರುನೂರು ಸಾಲದು, ಎಂಟುನೂರು ಬೇಕು.

ಎಂಟುನೂರಾದ ಮೇಲೆ ಗುಣವಾಗಿ ಬಂದವಳು ಎಲ್ಲಿಗೆ ಬರುವುದು? ದೇಲಂಪಾಡಿಯ ಕಾಡಿನ ಅಂಚಿಗೇ? ಮಂಗಳೂರಿನಲ್ಲಿ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಎರಡು ಕೋಣೆಯ ಮನೆ. ಕಮಲ ಬಿಟ್ಟ ಕ್ಲಾಸಿಗೆ ಮರಳಿ ಸೇರಿ, ಮುಂದೆ ಟ್ರೇನಿಂಗು ಮುಗಿಸಿ, ಟೀಚರಮ್ಮನಾಗಿ ಬಗ್ಗಿದ ಹಿಡಿಯ ಕೊಡೆ ಹಿಡಿದು ಬರುತ್ತಾಳೆ. ತನಗೊಂದು ಹೊಲಿಗೆ ಮೆಷಿನು. ರವಕೆಗೆ ಎರಡಾಣೆ, ಲಂಗಕ್ಕೆ ಮೂರು. ಎರಡು ಸಾವಿರ.

ರಾತ್ರಿ ಊಟದ ಹೊತ್ತಿಗೆ ಪೂರ್ತಿ ಹಣ ಖರ್ಚಾಗಿತ್ತು, ಅದೂ ಕೆಲವು ತಾನು ನೆನೆಯಬಾರದ ಕಡೆಗಳಲ್ಲಿ. ನೆಕ್ರಾಜೆಯ ಚಾವಡಿಯಲ್ಲಿ ದೇವಕಿ ಅತ್ತಿಗೆಯ ಮುಂದೆ ನೂರು ರೂಪಾಯಿಯ ನೋಟು ಇಟ್ಟು, "ಇದು ನಿಮಗೆ, ಎಲೆ ಅಡಿಕೆಗೆ" ಎನ್ನುತ್ತಿದ್ದಳು. ಅಣ್ಣ ಸುಕುಮಾರ ಅವಳನ್ನು ಕಂಡು ಆರಾಮಕುರ್ಚಿಯಿಂದ ಏಳುತ್ತಿದ್ದ. ಅವನು ಎದ್ದದ್ದನ್ನು ಅವಳು ಎರಡು ಸಲ, ಮೂರು ಸಲ ನೋಡಿದಳು. ನಾಚಿಕೆಯಾಗಿ ಪಾತ್ರೆ ತಿಕ್ಕಲು ಎದ್ದಳು.

"ಎಂತ ಅಮ್ಮ, ಒಬ್ಬಳೇ ನಗ್ತಾ ಇದ್ದೀ?" ಎಂದಳು ಕಮಲ.

"ಇಲ್ಲಪ್ಪ."

"ಇಲ್ಲಾಂದ್ರೆ? ಅಪ್ಪ ಹೋದ ಮೇಲೆ ನೀನು ನಕ್ಕದ್ದೇ ಇಲ್ಲ. ನಗು ಮಾರಾಯ್ತಿ, ಯಾರೂ ಕಾಸು ಕೇಳುದಿಲ್ಲ." ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂದು ಅವಳು ಹಿತ್ತಿಲಿಗೆ ಓಡಿದಳು.

ಆದಿತ್ಯವಾರ ಮತ್ತೊಂದು ಬಗೆಯ ಯೋಚನೆಗಳು ಬಂದವು. ಕೋರ್ಟಿನ ಅಮೀನ ಬಂದು ಪಾತ್ರೆ ಹೊರಗಿಡುವುದು. ಲೋಕನಾಥನ ವಕೀಲರ ನೋಟೀಸು. ಆಸ್ಪತ್ರೆಯ ಜಗಲಿಯಲ್ಲಿ ಪೊಲೀಸು ನಿಂತು ಕಮಲಳ ಮಂಚ ಯಾವುದು ಎಂದು ಕೇಳುವುದು. ಪಂಕಜಾಕ್ಷಿ ಸಣ್ಣಂದಿನಿಂದ ಹಾಗೆಯೇ. ಬಾಗಿಲು ಹಾಕಿದ ಮೇಲೆ ಎರಡು ಸಲ ದೂಡಿ ನೋಡುವವಳು, ಎದುರಿನವರ ಹುಬ್ಬು ಏರಿದರೆ ತನ್ನಿಂದ ಎಂತ ತಪ್ಪಾಯಿತೆಂದು ಹುಡುಕುವವಳು. ಆ ಏಜಂಟರ ಬಗ್ಗೆ ಮಾತ್ರ ಯೋಚಿಸದಿರಲು ಪ್ರಯತ್ನಿಸಿದಳು. ಅವರಿಗೆ ಮಕ್ಕಳಿರಬಹುದು, ಹೋದ ಹಣವನ್ನು ಅವರೇ ತುಂಬಬೇಕಾದೀತು ಎಂಬಲ್ಲಿಗೆ ಬಂದಾಗಲೆಲ್ಲ ಎದ್ದು ಒಲೆಯ ಬೆಂಕಿ ಸರಿಮಾಡುತ್ತಿದ್ದಳು.

ದುಡಿದವರು ಯಾರು? ತನ್ನ ಗಂಡ. ಕೆಮ್ಮುತ್ತಿರುವವಳು ಯಾರು? ಅವರ ಮಗಳು. ರಾತ್ರಿ ಮಲಗುವ ಮೊದಲು ಈ ಎರಡು ಮಾತನ್ನು ಹಿಡಿದುಕೊಂಡಳು. ಪೂರ್ತಿ ಬೇಡ, ಆರುನೂರು ಮಾತ್ರ ತೆಗೆಯುವುದು. ಅಲ್ಲಿಂದ ಮಂಗಳೂರಿಗೆ ಹೋಗಿ ಡಾಕ್ಟರ ಮೂಲಕ ಆಸ್ಪತ್ರೆಗೆ ಕಟ್ಟಿಬಿಡುವುದು. ಕಟ್ಟಿದ ಮೇಲೆ ಲೋಕನಾಥ ಏನು ಬೇಕಾದರೂ ಮಾಡಲಿ. ಗುಣವಾಗಲು ಹೋದ ಹುಡುಗಿಯನ್ನು ಮಂಚದಿಂದ ಎಬ್ಬಿಸಿ ಹಣ ಹಿಂದೆ ತೆಗೆಯುವಷ್ಟು ಕೆಟ್ಟವನಲ್ಲ ಅವನು.

ಸೋಮವಾರ ಹತ್ತೂವರೆಗೆ ಅವಳು ಕಾಸರಗೋಡಿನ ಬೇಂಕಿನಲ್ಲಿದ್ದಳು. ಒಂದೇ ಕೋಣೆಯ ಬೇಂಕು. ಮರದ ಕೌಂಟರು, ಅದರಾಚೆ ಮೂರು ಮೇಜು, ಮೂಲೆಯಲ್ಲಿ ಏಜಂಟರ ಗಾಜಿನ ಗೂಡು. ಹಣ ತೆಗೆಯುವ ಚೀಟಿಯಲ್ಲಿ ಆರುನೂರು ಎಂದು ಅಂಕೆಯಲ್ಲಿ ಬರೆದು, ಅಕ್ಷರದಲ್ಲೂ ಬರೆದು, ಪಂಕಜಾಕ್ಷಿ ಎಂದು ಸಹಿ ಹಾಕಿದಳು. ಏಜಂಟರು ಗೂಡಿನಿಂದ ಎದ್ದು ಬಂದು ಕೈ ಮುಗಿದರು. ಹಣೆಯಲ್ಲಿ ವಿಭೂತಿ, ಹರಿದದ್ದನ್ನು ಹೊಲಿದ ಕೋಟು.

"ಉಕ್ಕಾರುಂಗೊ ಅಮ್ಮಾ, ಕೂತುಕೊಳ್ಳಿ. ಈಗ ಆಗುತ್ತೆ." ಚೀಟಿಯ ಮೇಲೆ ತಾನೇ ಸಹಿ ಹಾಕಿ ಕ್ಯಾಶಿಯರಿನ ಕಡೆ ದೂಡಿದರು.

ಕ್ಯಾಶಿಯರು ಅವಳಿಗೊಂದು ಹಿತ್ತಾಳೆಯ ಬಿಲ್ಲೆ ಕೊಟ್ಟ. ಏಳನೆಯ ನಂಬರು. ಅವಳು ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತಳು. ಕಬ್ಬಿಣದ ಪೆಟ್ಟಿಗೆ ತೆರೆಯಿತು. ಕ್ಯಾಶಿಯರು ಬೆರಳನ್ನು ಒದ್ದೆ ಸ್ಪಂಜಿಗೆ ಒತ್ತಿ ಎಣಿಸತೊಡಗಿದ. ಅವಳೂ ಅಲ್ಲಿಂದಲೇ ತುಟಿ ಅಲ್ಲಾಡಿಸದೆ ಎಣಿಸಿದಳು.

ಆಗ ಬಾಗಿಲಿನಿಂದ ಕೊಡೆ ಮಡಚುತ್ತ ಒಳಗೆ ಬಂದವರು ತಿರುಮಲೇಶ್ವರಯ್ಯ. ಎರಡು ದಿನ ಮೊದಲೇ ರಜೆ ಮುಗಿಸಿ ಬಂದಿದ್ದರು. ಕೊಡೆಯನ್ನು ಮೂಲೆಗಿಟ್ಟು, ಕೌಂಟರಿನ ಆಚೆ ಹೋಗಿ, ಕ್ಯಾಶಿಯರಿನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಚೀಟಿಯನ್ನು ಎತ್ತಿ ಓದಿದರು. ಚೀಟಿ ಕೆಳಗಿಟ್ಟು ಅವಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಪುನಃ ಹಾಕಿ ಪುನಃ ನೋಡಿದರು. ಕ್ಯಾಶಿಯರಿನ ಕಿವಿಯಲ್ಲಿ ಎರಡು ಮಾತು ಹೇಳಿದರು. ಕ್ಯಾಶಿಯರು ಎಣಿಸುವುದನ್ನು ನಿಲ್ಲಿಸಿದ. ಎಣಿಸಿಟ್ಟ ನೋಟುಗಳನ್ನು ಪೆಟ್ಟಿಗೆಯ ಒಳಗೆ ವಾಪಸು ಹಾಕಿದ.

ತಿರುಮಲೇಶ್ವರಯ್ಯ ಕೌಂಟರಿನ ಅಡ್ಡ ಹಲಗೆ ಎತ್ತಿ ಅವಳ ಕಡೆಗೆ ಬಂದರು. ಮೂರು ಮಾರು ದೂರ. ಅವಳು ಎದ್ದು ನಿಂತಳು. ಎದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

"ಅಮ್ಮ, ನಿಮ್ಮತ್ರ ಒಂದು ವಿಷಯ ಕೇಳ್ಲಿಕ್ಕುಂಟು..."

"ಅದು ನನ್ನ ಹಣ ಅಲ್ಲ."

ಅವಳ ಸ್ವರ ಬೇಕಾದದ್ದಕ್ಕಿಂತ ದೊಡ್ಡದಾಗಿ ಬಂತು. ಬೆಣ್ಣೆಯ ಡಬ್ಬಿ ಹಿಡಿದು ನಿಂತಿದ್ದ ಯಾರೋ ತಿರುಗಿ ನೋಡಿದರು.

"ಎಂತದು ಅಮ್ಮ?"

"ಅವರ ಹಣ. ನನ್ನ ಪುಸ್ತಕಕ್ಕೆ ತಪ್ಪಿ ಬಂದದ್ದು. ನಮ್ಮದು ಅಳಿಯಕಟ್ಟು. ನೆಕ್ರಾಜೆಯ ಲೋಕನಾಥನಿಗೆ ಸೇರಬೇಕಾದ್ದು. ಹೇಳ್ಲಿಕ್ಕೇ ಬಂದದ್ದು ನಾನು." ಕೊನೆಯ ಮಾತು ಸುಳ್ಳೆಂದು ಕೌಂಟರಿನ ಮೇಲಿದ್ದ ಚೀಟಿ ಹೇಳುತ್ತಿತ್ತು. ಅವಳು ನಡೆದು ಹೋಗಿ ಬಿಲ್ಲೆಯನ್ನು ಕೌಂಟರಿನ ಮೇಲಿಟ್ಟು ಚೀಟಿಯನ್ನು ಕೈಗೆತ್ತಿಕೊಂಡಳು. ಯಾರೂ ತಡೆಯಲಿಲ್ಲ. ಆ ಗಡಿಬಿಡಿಯಲ್ಲಿ ಚೀಟಿ ಮತ್ತೆ ಯಾಕೆ ಬರೆದದ್ದೆಂದು ಯಾರೂ ಕೇಳಲೂ ಇಲ್ಲ.

ಮುಂದಿನ ಕಾಲು ಗಂಟೆ ಬೇಂಕಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ತಿರುಮಲೇಶ್ವರಯ್ಯ ದಪ್ಪ ಪುಸ್ತಕ ತೆರೆದು ನೋಡಿ ಹಣೆ ಚಚ್ಚಿಕೊಂಡರು. ಏಜಂಟರು ಮೊದಲು ಅರ್ಥವಾಗದೆ, "ಹೆಂಡತಿ ಇದ್ದಾರಲ್ಲ, ಮಗಳು ಇದ್ದಾಳಲ್ಲ" ಎಂದರು. ಅರ್ಥವಾದಾಗ ಅವರ ಮುಖ ಬಿಳುಚಿತು. ಮೂರು ಹೆಣ್ಣುಮಕ್ಕಳು ತನಗೆ, ಈ ಹಣ ಹೋಗಿದ್ದರೆ ಕೆಲಸವೂ ಹೋಗುತ್ತಿತ್ತು, ನನ್ನ ಅನ್ನ ಉಳಿಸಿದಿರಿ ಅಮ್ಮಾ ಎಂದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಹೇಳಿದರು. ಅವಳ ಪಾಸುಪುಸ್ತಕ ತೆಗೆದುಕೊಂಡು ನೇರಳೆ ಸಾಲಿಗೆ ಕೆಂಪು ಗೀಟು ಹಾಕಿದರು. ಬೆಣ್ಣೆಯ ಡಬ್ಬಿಯವನು, "ಈ ಕಾಲದಲ್ಲಿ ಇಂಥವರೂ ಉಂಟಲ್ಲ ಮಾರಾಯ್ರೆ!" ಎಂದ.

ತಿರುಮಲೇಶ್ವರಯ್ಯ ಬಾಗಿಲವರೆಗೆ ಅವಳ ಜೊತೆ ಬಂದರು.

"ನಾನು ಬೇರೆ ಎಣಿಸಿದ್ದೆ ಅಮ್ಮ. ಆಳ್ವರು ಇರುವಾಗಲೇ ನಿಮ್ಮ ಹೆಸರಿಗೆ ಬರೆದಿಟ್ಟಿದ್ದಾರೆ, ಬುದ್ಧಿವಂತರು, ಒಳ್ಳೇದಾಯ್ತು ಅಂತ. ಹಾಗೆ ಕೆಲವರು ಮಾಡುದುಂಟಲ್ಲ. ಕ್ಯಾಶಿಯರಿಗೂ ಹೇಳಿದೆ, ಹಳೆ ನೋಟು ಕೊಡ್ಬೇಡ ಮಾರಾಯ, ಹೊಸ ಕಟ್ಟು ಬಿಚ್ಚು ಅಂತ. ಹೆಂಗಸು ಒಬ್ಬರೇ ಬಂದಿದ್ದಾರೆ, ಎಲ್ಲಿಯಾದ್ರೂ ಹರಿದದ್ದು ಬಂದ್ರೆ ಮತ್ತೆ ಬದಲಿಸ್ಲಿಕ್ಕೆ ಬರಬೇಕು."

ಅವಳು ಬಾಗಿಲ ಚೌಕಟ್ಟು ಹಿಡಿದಳು. "ನೀವು ಎಂತದೋ ಕೇಳ್ಬೇಕು ಅಂದ್ರಲ್ಲ?"

"ಓ, ಅದಾ? ಅದು ಬಿಡಿ, ಈಗ ಕೇಳುದು ಸರಿಯಲ್ಲ." ಅವರು ಸಂಕೋಚದಿಂದ ತಲೆ ತುರಿಸಿಕೊಂಡರು. "ನನ್ನ ಅಳಿಯನಿಗೆ ಮಂಜೇಶ್ವರದ ಶಾಲೆಗೆ ಬದಲಿಯಾಗಿದೆ. ನಿಮ್ಮದು ಸ್ಟೇಶನಿನ ಹತ್ತಿರದ ಮನೆಯಲ್ಲ? ನೀವು ಬಿಟ್ಟ ಮೇಲೆ ಬಾಡಿಗೆಗೆ ಕೊಡ್ತಾರೋ ಅಂತ."

ರೈಲಿಗೆ ಇನ್ನೂ ಎರಡು ಗಂಟೆಯಿತ್ತು. ಅವಳು ಸ್ಟೇಶನ್ನಿನ ಹೆಂಗಸರ ಕೋಣೆಯಲ್ಲಿ ಕುಳಿತು ಚೀಟಿಯನ್ನು ಚೂರು ಚೂರು ಮಾಡಿದಳು. ಆರುನೂರು ಎಂಬ ಅಕ್ಷರಗಳನ್ನು ಬೇರೆ ಬೇರೆ ಹರಿದಳು. ಅವಳಿಗೆ ಅಳು ಬರಲಿಲ್ಲ. ತಿರುಮಲೇಶ್ವರಯ್ಯ ಮೂರು ಮಾರು ನಡೆದು ಬಂದು ಮನೆಯ ಬಾಡಿಗೆ ಕೇಳುವವರೆಗೆ ಅವಳು ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಆ ಹೊತ್ತಿಗೆ ಹೊಸ ನೋಟಿನ ಕಟ್ಟು ಬಿಚ್ಚಿ ಆಗುತ್ತಿತ್ತು.

ಮಂಗಳವಾರ ಲೋಕನಾಥ ಒಬ್ಬನೇ ಬರಲಿಲ್ಲ, ದೇವಕಿಯೂ ಬಂದಳು. ಸುದ್ದಿ ಅವರಿಗಿಂತ ಮೊದಲೇ ಊರೆಲ್ಲ ಸುತ್ತಿತ್ತು. ದೇವಕಿ ಅಂಚಿನ ಸೀರೆಯೊಂದನ್ನು ಹಲಗೆಯ ಮೇಲಿಟ್ಟು, "ತಕೋ ಪಂಕಜಾ. ನನ್ನ ತಮ್ಮ ಎಂಥ ಹೆಂಗಸನ್ನು ಕಟ್ಟಿಕೊಂಡಿದ್ದ ಅಂತ ನಿನ್ನೆ ಗೊತ್ತಾಯಿತು" ಎಂದಳು. ಕಮಲಳನ್ನು ಹತ್ತಿರ ಕೂಡಿಸಿಕೊಂಡು ಬೆನ್ನು ಸವರಿದಳು.

ಪಂಕಜಾಕ್ಷಿ ಇಡೀ ರಾತ್ರಿ ಯೋಚಿಸಿ ಇಟ್ಟಿದ್ದಳು. ತನಗೆ ಇನ್ನು ಉಳಿದಿರುವುದು ಆ ಒಳ್ಳೆಯ ಹೆಸರು ಒಂದೇ, ಅದನ್ನು ಇಂದೇ ಖರ್ಚು ಮಾಡಬೇಕು. ಕಮಲಳನ್ನು ಬಾವಿಗೆ ಕಳಿಸಿ ಅವಳು ಇಬ್ಬರ ಮುಂದೆ ನಿಂತಳು.

"ಲೋಕನಾಥಾ, ಆರುನೂರು ರೂಪಾಯಿ ನನಗೆ ಬೇಕು. ಸಾಲ ಅಂತಲೇ ಕೊಡು."

"ಎಂತಕ್ಕೆ ಮಾಮಿ?"

ಹೇಳಬೇಕಾಯಿತು. ಮಗಳದ್ದು ಹೇಳಿದ ಮೇಲೆ ಗಂಡನದ್ದೂ ಹೇಳಬೇಕಾಯಿತು. ದೇವಕಿ ಮೆಲ್ಲನೆ ಎದ್ದಳು. ಕಮಲಳ ಬೆನ್ನು ಸವರಿದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದಳು.

"ಓ, ಹಾಗಾದ್ರೆ ಇದಕ್ಕಾ ನಿನ್ನೆ ಹಿಂದೆ ಕೊಟ್ಟದ್ದು? ಮೊದಲು ಹಿಂದೆ ಕೊಡುದು, ಮತ್ತೆ ಕೇಳುದು. ಭಾರಿ ಉಪಾಯ ನಿನ್ನದು."

"ಅಮ್ಮಾ, ಸುಮ್ಮನಿರಿ" ಎಂದ ಲೋಕನಾಥ.

"ಎಂತ ಸುಮ್ಮನೆ? ನನ್ನ ತಮ್ಮ ಕಫಜ್ವರದಲ್ಲಿ ಸತ್ತ ಅಂತ ಹೇಳಿ ನಮ್ಮ ಕೈಯಲ್ಲಿ ಹೆಣ ಮೀಯಿಸಿದವಳು ಇವಳು! ನಮ್ಮ ಮನೆಯಲ್ಲಿ ಮಕ್ಕಳಿಲ್ಲವಾ?"

ಲೋಕನಾಥ ತಾಯಿಗೂ ಮಾಮಿಗೂ ನಡುವೆ ಬಂದು ನಿಂತ. "ನನ್ನ ಒಬ್ಬನ ಹಣ ಅಲ್ಲ ಮಾಮಿ ಅದು, ಕುಟುಂಬದ್ದು. ನಾಲ್ಕು ಜನ ಹಿರಿಯರು ಒಪ್ಪಬೇಕು. ಅವರನ್ನು ಒಪ್ಪಿಸುವಾಗ ಮಳೆಗಾಲ ಮುಗಿದೀತು. ಸುಳ್ಳು ಹೇಳಿ ಆಸೆ ತೋರಿಸುದಿಲ್ಲ ನಾನು." ಸೊಂಟದ ಚೀಲದಿಂದ ಇಪ್ಪತ್ತೈದು ರೂಪಾಯಿ ತೆಗೆದು ಸೀರೆಯ ಮೇಲಿಟ್ಟ. "ಇದು ನನ್ನದು." ಅವರು ನೀರು ಕುಡಿಯದೆ ಹೋದರು.

ದೇಲಂಪಾಡಿಯಿಂದ ಅಣ್ಣನ ಕಾರ್ಡು ವಾರದೊಳಗೆ ಬಂತು. ಬನ್ನಿ, ಗೇರುಗುಡ್ಡೆಯ ಮೇಲಿನ ಕಾವಲು ಗುಡಿಸಲಿಗೆ ಹೊಸ ಮುಳಿಹುಲ್ಲು ಹೊದಿಸಿದ್ದೇನೆ, ಹುಡುಗಿಗೆ ಅಲ್ಲಿಯೇ ಅನುಕೂಲ, ಮನೆಯ ಬಾವಿಗೆ ಬರುವುದು ಬೇಡ, ನೀರು ಮೇಲೆಯೇ ತಲಪಿಸುತ್ತೇವೆ ಎಂದಿತ್ತು. ಸುದ್ದಿ ಯಾರು ಮುಟ್ಟಿಸಿದರೆಂದು ಕೇಳಬೇಕಾಗಿರಲಿಲ್ಲ. ಡಾಕ್ಟರು ಬರೆದು ಕೇಳಿದ್ದಕ್ಕೆ ಅದೇ ದಿನ ಸ್ಯಾನಟೋರಿಯಮ್ಮಿನಿಂದಲೂ ಪತ್ರ ಬಂದಿತ್ತು. ಹೆಂಗಸರ ವಾರ್ಡಿನಲ್ಲಿ ಒಂದು ಮಂಚ ಜೂನ್ ಒಂದಕ್ಕೆ ಖಾಲಿಯಾಗುತ್ತದೆ, ಹತ್ತು ದಿನದೊಳಗೆ ಹಣ ಕಳಿಸುವುದು. ಪಂಕಜಾಕ್ಷಿ ಒಂದು ಕಾರ್ಡು ತೆಗೆದುಕೊಂಡು, ಆ ಮಂಚವನ್ನು ಬೇರೆಯವರಿಗೆ ಕೊಡಬಹುದು ಎಂದು ಬರೆದಳು.

ಹೊರಡುವ ದಿನ ಮಂಜೇಶ್ವರದ ಪ್ಲಾಟ್‌ಫಾರಮ್ಮಿನಲ್ಲಿ ಅವರಿಬ್ಬರೇ ಇದ್ದರು. ಬಿಟ್ಟು ಬರುತ್ತೇನೆಂದಿದ್ದ ಲೋಕನಾಥ ಬರಲಿಲ್ಲ. ಒಂದು ಟ್ರಂಕು, ಎರಡು ಗಂಟು. ತೆಂಕಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಟಿಕೇಟು ಕೊಡುವವನು ಹೆಂಡತಿಯನ್ನು ಕರೆದು ತೋರಿಸಿದ: "ಇವರೇ ನೋಡು, ಬೇಂಕಿನ ಮೂರು ಸಾವಿರ ಹಿಂದೆ ಕೊಟ್ಟವರು." ಆ ಹೆಂಗಸು ದೂರದಿಂದಲೇ ಕೈ ಮುಗಿದಳು.

ಕಮಲ ಟ್ರಂಕಿನ ಮೇಲೆ ಕುಳಿತಿದ್ದಳು. ಹದಿನೈದು ದಿನದಲ್ಲಿ ಕೊರಳಿನ ಎಲುಬು ಎದ್ದು ಕಾಣುವ ಹಾಗೆ ಆಗಿತ್ತು. ಸೆರಗನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಅವಳು ಹೇಳಿದಳು:

"ನನಗೆ ಎಲ್ಲ ಗೊತ್ತುಂಟು ಅಮ್ಮ. ಆ ಅಚ್ಚಿನ ಕಾಗದ ನೋಡಿದ್ದೇನೆ ನಾನು. ಐವತ್ತರಂತೆ ಆರು ತಿಂಗಳು."

ಪಂಕಜಾಕ್ಷಿ ಗಂಟಿನ ಕಟ್ಟು ಬಿಗಿಮಾಡಿದಳು.

"ನಾನಾಗಿದ್ರೆ ತೆಗೆದುಬಿಡ್ತಿದ್ದೆ. ಖಂಡಿತ ತೆಗೀತಿದ್ದೆ. ನನ್ನ ಮಗಳು ಸಾಯ್ತಾಳೆ ಅಂತ ಗೊತ್ತಿದ್ದೂ ಅಷ್ಟು ಹಣದ ಎದುರು ನಿಂತು ಬೇಡ ಅಂತ ಹೇಳ್ಲಿಕ್ಕೆ..." ಕೆಮ್ಮು ಬಂತು. ತಾಯಿ ಬೆನ್ನು ಹಿಡಿದಳು. ಕೆಮ್ಮು ನಿಂತ ಮೇಲೆ ಕಮಲ ಸೆರಗನ್ನು ನೋಡದೆ ಮಡಚಿಕೊಂಡಳು. "ನಿನ್ನಷ್ಟು ಧೈರ್ಯ ನನಗಿಲ್ಲ ಅಮ್ಮ. ನನಗೆ ಸಿಟ್ಟಿಲ್ಲ. ಎಲ್ಲರೂ ನಿನ್ನ ಬಗ್ಗೆ ಹೇಳುವಾಗ ನನಗೆ ಮೈ ಜುಂ ಅಂತದೆ."

ಪಂಕಜಾಕ್ಷಿಯ ಬಾಯಿಯವರೆಗೆ ಬಂದಿತ್ತು: ತಾನು ಸಹಿ ಹಾಕಿದ್ದೆ, ಬಿಲ್ಲೆ ಹಿಡಿದು ಕುಳಿತಿದ್ದೆ, ಹೆದರಿ ಹಾಳು ಮಾಡಿದೆ. ನಿನಗಾಗಿ ಕದಿಯಲು ಹೋದೆ, ಕದಿಯಲೂ ಬರಲಿಲ್ಲ. ಹೇಳಿದರೆ ಎದೆಯ ಭಾರ ಇಳಿದೀತು. ಆದರೆ ಇಳಿದದ್ದು ಎಲ್ಲಿಗೆ ಹೋಗಿ ಕೂರುತ್ತದೆಂದು ಅವಳು ಮಗಳ ಎದೆಯ ಏರಿಳಿತ ನೋಡುತ್ತ ಯೋಚಿಸಿದಳು. ಗುಡ್ಡೆಯ ಆ ಗುಡಿಸಲಿನಲ್ಲಿ, ಉಳಿದಷ್ಟು ದಿನ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಇರಬೇಕಾದವರು ಇವರಿಬ್ಬರೇ.

ಗಾಡಿಯ ಸಿಗ್ನಲ್ ಬಿತ್ತು. ಪಂಕಜಾಕ್ಷಿ ಗಂಟುಗಳನ್ನು ಎತ್ತಿಕೊಂಡಳು. ಆ ಸೋಮವಾರ ಬೇಂಕಿನಲ್ಲಿ ನಡೆದದ್ದನ್ನು ಅಣ್ಣನಿಗಾಗಲಿ, ಇವಳಿಗಾಗಲಿ, ಮುಂದೆ ಯಾರೇ ಎಷ್ಟು ಹೊಗಳಲಿ, ಯಾರಿಗೂ ಹೇಳುವುದಿಲ್ಲವೆಂದು ಅವಳು ನಿಶ್ಚಯಿಸಿದಳು. ಮಗಳಿಗೆ ಕೊಡಲು ಅವಳ ಹತ್ತಿರ ಬೇರೇನೂ ಉಳಿದಿರಲಿಲ್ಲ. ಧೈರ್ಯದ ತಾಯಿಯೊಬ್ಬಳು ಇದ್ದಳೆಂಬುದಾದರೂ ಇರಲಿ.

"ಏಳು ಮಗಾ, ಗಾಡಿ ಬಂತು" ಎಂದಳು.